ಕೂಸಿಗೆ ಎರೆಯುವ ಯಂಕವ್ವನ ಒಂದು ಸುಳ್ಳು

ಅಕ್ಕಂದಿರೇ, ತಂಗಿಯರೇ, ಎಲ್ಲರೂ ಬಂದಿರಾ? ಕಿಟಕಿ ಮುಚ್ಚಿದ್ದರೆ ಮೊದಲು ತೆರೆಯಿರಿ. ಚಳಿ ಎನ್ನಬೇಡಿ, ಸೆರಗು ಹೊದ್ದುಕೊಳ್ಳಿ. ಒಳಗೆ ಗಾಳಿ ಆಡಲಿ. ಆಮೇಲೆ ಕಥೆ.

ನನ್ನ ಹೆಸರು ಯಂಕವ್ವ. ಊರು ಬನಹಟ್ಟಿ. ವಯಸ್ಸು ಆಧಾರ್ ಕಾರ್ಡಿನಲ್ಲಿ ಒಂದಿದೆ, ನನ್ನ ಅವ್ವ ಹೇಳುತ್ತಿದ್ದದ್ದು ಇನ್ನೊಂದು. ಅರವತ್ತು ದಾಟಿದ್ದಂತೂ ಹೌದು. ನನಗೆ ಬರೆಯಲು ಬರುವುದಿಲ್ಲ. ನಾನು ಹೇಳಿದ್ದನ್ನು ನಮ್ಮ ಓಣಿಯ ಆಶಾ ಕಾರ್ಯಕರ್ತೆ ಉಜ್ವಲಾ ಬರೆದಿದ್ದಾಳೆ. ನನ್ನ ಮಾತನ್ನು ಪುಸ್ತಕದ ಮಾತು ಮಾಡಿ, ಬೈಗುಳವನ್ನೆಲ್ಲ ತೆಗೆದುಹಾಕಿದ್ದಾಳೆ. ಆ ಬೈಗುಳದಲ್ಲಿ ಹೆಚ್ಚಿನವು ನನಗೆ ನಾನೇ ಬೈದುಕೊಂಡವು.

ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಎರೆಯುವವಳು ನಾನೇ. ಮೂವತ್ತು ವರ್ಷ ಆಯಿತು. ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಹದವಾದ ಬಿಸಿನೀರು ಹಾಕುವುದು. ಕೊನೆಗೆ ಹಳೆಯ ಮೆತ್ತನೆಯ ಸೀರೆಯ ತುಂಡಿನಲ್ಲಿ ಸುತ್ತಿ, ಕಿವಿಗೆ ಒಮ್ಮೆ, ಮೂಗಿಗೆ ಒಮ್ಮೆ ಬಾಯಿಯಿಂದ ಊದುವುದು, ನೀರು ಒಳಗೆ ನಿಲ್ಲಬಾರದೆಂದು. ನನ್ನ ಅತ್ತೆ ಹೀಗೆಯೇ ಮಾಡುತ್ತಿದ್ದಳು. ಅವಳ ಅತ್ತೆಯೂ ಹೀಗೆಯೇ. ನನಗೆ ಸ್ವಂತ ಮಕ್ಕಳಾಗಲಿಲ್ಲ, ಆದರೆ ಈ ಓಣಿಯ ಅರ್ಧಕ್ಕರ್ಧ ಜನರ ಮೂಗಿಗೆ ಊದಿದವಳು ನಾನು. ಆ ಜಂಬ ನನಗಿತ್ತು, ಯಾಕೆ ಸುಳ್ಳು ಹೇಳಲಿ.

ಜಂಬ ಬಿಟ್ಟರೆ ಬೇರೇನೂ ಇರಲಿಲ್ಲ. ಒಂದು ಖೋಲಿಯ ಮನೆ. ಮಗ್ಗದವರಿಗೆ ಕಂಡಕಿ ಸುತ್ತಿ ಕೊಡುವುದು ನನ್ನ ಹೊಟ್ಟೆಪಾಡು. ರಾಟಿ ತಿರುಗಿಸುತ್ತ, ಸಣ್ಣ ನಳಿಗೆಗೆ ನೂಲು ಸುತ್ತುತ್ತ ದಿನವಿಡೀ ಕೂರುತ್ತೇನೆ. ಸುತ್ತಲೂ ಪಾವರ್‌ಲೂಮಿನ ಸಪ್ಪಳ. ಅಷ್ಟು ಸಪ್ಪಳದ ನಡುವೆ ಒಂದು ಮಾತು ಆಡುವವರಿಲ್ಲ. ಕೆಲವು ದಿನ ಸಂಜೆ ನನಗೆ ಅನಿಸುತ್ತಿತ್ತು, ಇವತ್ತು ನಾನು ಬಾಯಿಯನ್ನೇ ತೆರೆದಿಲ್ಲವಲ್ಲ ಎಂದು. ಆಗ ಸುಮ್ಮನೆ ಒಲೆಗೆ ಎರಡು ಮಾತು ಬೈಯುತ್ತಿದ್ದೆ.

ಮೊದಲು ಹೀಗಿರಲಿಲ್ಲ. ನಮ್ಮ ಮನೆಯವರು ಗಂಗಾರಾಮ, ಮಗ್ಗ ನಡೆಸುತ್ತಿದ್ದರು. ಮಾತಿನ ಮಲ್ಲ. ಕೊರೊನಾ ಎರಡನೇ ಸಲ ಬಂದ ವರ್ಷ ಅವರಿಗೆ ಕೆಮ್ಮು ಹತ್ತಿತು. ಆಂಬುಲೆನ್ಸ್ ಬಂದಾಗ ಗಡಿಬಿಡಿಯಲ್ಲಿ ಬರಿಗಾಲಲ್ಲೇ ಹತ್ತಿದರು. "ಚಪ್ಪಲ ನಾಳಿ ತಗೊಂಡ ಬಾರ," ಎಂದರು. ಮರುದಿನ ದವಾಖಾನೆಯಲ್ಲಿ ನನ್ನನ್ನು ಒಳಗೆ ಬಿಡಲಿಲ್ಲ. ಒಂಬತ್ತನೇ ದಿನ ಫೋನು ಬಂತು. ಮುಖ ನೋಡಲೂ ಆಗಲಿಲ್ಲ. ಚಪ್ಪಲಿ ಇನ್ನೂ ಬಾಗಿಲ ಬದಿಯಲ್ಲೇ ಇದೆ.

ಆಗ ನನ್ನ ಬಾಗಿಲಿಗೆ ಅಡ್ಡ ಬಿದಿರು ಕಟ್ಟಿದರು. ಹದಿನಾಲ್ಕು ದಿನ. ಅದು ಸರಿಯೇ, ನನಗೂ ಜ್ವರ ಇತ್ತು. ಆದರೆ ಬಿದಿರು ಬಿಚ್ಚಿದ ಮೇಲೂ ಎರಡು ತಿಂಗಳು ಯಾರೂ ನನ್ನ ಕಟ್ಟೆ ಹತ್ತಲಿಲ್ಲ. ನನ್ನನ್ನು ಕಂಡರೆ ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಎದುರು ಮನೆಯ ಸರಿತಾ, ಕೈಯಲ್ಲಿ ಬಟ್ಟಲು ಹಿಡಿದು ದಿನಕ್ಕೆ ನಾಲ್ಕು ಸಲ ಬರುತ್ತಿದ್ದವಳು, ನನ್ನ ಕಡೆಯ ಕಿಟಕಿಯನ್ನು ಮುಚ್ಚಿಬಿಟ್ಟಳು. ಮತ್ತೆ ತೆರೆಯಲಿಲ್ಲ. ಅವಳು ಮರೆತಿರಬೇಕು. ನಾನು ಮರೆಯಲಿಲ್ಲ.

ಇದನ್ನು ಯಾಕೆ ಹೇಳಿದೆ ಎಂದರೆ, ಮುಂದೆ ನಾನು ಮಾಡಿದ ತಪ್ಪಿನ ಬೇರು ಇಲ್ಲಿದೆ. ತಪ್ಪು ತಪ್ಪೇ. ಆದರೂ ಬೇರು ನೋಡಬೇಕು.

ಕಳೆದ ಚಳಿಗಾಲ ಸರಿತಾಳ ಮಗಳು ರಾಧಿಕಾ ಹೆರಿಗೆಗೆಂದು ಮುಧೋಳದಿಂದ ತವರಿಗೆ ಬಂದಳು. ಹೆಣ್ಣು ಕೂಸು. ಸರಿತಾ ತಾನಾಗಿ ನನ್ನ ಬಾಗಿಲಿಗೆ ಬಂದು ಕರೆದಳು.

"ಯಕ್ಕಾ, ನೀನ ಬಂದ ಎರಿಬೇಕ. ನನಗ ಸಣ್ಣ ಕೂಸಿನ ಅಂಜಿಕಿ."

"ಬರ್ತೇನಿ ಬೇ. ಕರಿಯೂದ ಒಂದ ತಡ," ಎಂದೆ.

ಅಂದಿನಿಂದ ನನಗೆ ಬೆಳಗಾಗುವುದೇ ಆ ಕೂಸಿಗಾಗಿ. ಬೆಳಿಗ್ಗೆ ಒಂಬತ್ತಕ್ಕೆ ಹೋಗುವವಳು ಏಳಕ್ಕೇ ಸೀರೆ ಉಟ್ಟು ಕೂರುತ್ತಿದ್ದೆ. ಅದು ಹೊಟ್ಟೆಗೆ ನೀರು ಬಿದ್ದರೆ ಕಣ್ಣು ಅಗಲ ಮಾಡುತ್ತಿತ್ತು. ನನ್ನ ಬೆರಳು ಹಿಡಿದರೆ ಬಿಡುತ್ತಿರಲಿಲ್ಲ. ದಿನವಿಡೀ ನನ್ನನ್ನು ಮುಟ್ಟುತ್ತಿದ್ದ ಜೀವ ಅದೊಂದೇ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಕೂಸಿಗೆ ಐದು ವಾರವಾದಾಗ ಬಾಣಂತಿಯ ಅಂಟಿನ ಉಂಡಿಗೆ ಬೆಲ್ಲ ಮುಗಿಯಿತು. ಅಂಗಡಿಯ ಬೆಲ್ಲ ನನಗೆ ಮನಸ್ಸಿಗೆ ಬರಲಿಲ್ಲ. ನಾನೇ ಮಹಾಲಿಂಗಪುರಕ್ಕೆ ಹೋಗಿ ಹೊಸ ಬೆಲ್ಲ ತಂದೆ. ಬರುವಾಗ ಬಸ್ಸು ತುಂಬಿ ತುಳುಕುತ್ತಿತ್ತು. ಚಳಿ ಎಂದು ಕಿಟಕಿಯನ್ನೆಲ್ಲ ಮುಚ್ಚಿದ್ದರು. ನನ್ನ ಪಕ್ಕದವನು ಇಡೀ ದಾರಿ ಕೆಮ್ಮುತ್ತ ಬಂದ, ಬಾಯಿಗೆ ಕೈ ಸಹ ಅಡ್ಡ ಹಿಡಿಯಲಿಲ್ಲ. ನಾನು ಬೆಲ್ಲದ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಮೂಗು-ಬಾಯಿ ಮುಚ್ಚಿಕೊಳ್ಳಬೇಕೆಂದು ಹೊಳೆಯಲಿಲ್ಲ.

ಮೂರನೇ ದಿನ ಬೆಳಿಗ್ಗೆ ಗಂಟಲು ಕೆರೆಯಿತು. ಮೈ ಸಣ್ಣಗೆ ಬೆಚ್ಚಗಿತ್ತು. ಅಷ್ಟರಲ್ಲಿ ಉಜ್ವಲಾ ಮನೆ ಮನೆ ಕೇಳುತ್ತ ನನ್ನ ಕಟ್ಟೆಗೆ ಬಂದಳು, ಮುಖಕ್ಕೆ ಮಾಸ್ಕ್ ಹಾಕಿಕೊಂಡು.

"ಆಯಿ, ಓಣ್ಯಾಗ ಕೆಮ್ಮು-ಜ್ವರ ಭಾಳ ಬಂದಾವು. ನಿನಗೇನರೆ ಐತೇನ?"

"ನನಗೇನ ಧಾಡಿ ಆಗೈತಿ? ಗುಂಡಕಲ್ಲ ಇದ್ದಂಗ ಅದೀನಿ."

"ದನಿ ದಪ್ಪ ಆಗೈತೆಲ್ಲ?"

"ನೂಲಿನ ಧೂಳ ಬೇ. ಇಷ್ಟ ವರ್ಷ ಕಂಡಕಿ ಸುತ್ತಿದವರ ಗಂಟಲ ಮತ್ತ ಕೋಗಿಲಿ ಗಂಟಲ ಆಕ್ಕೈತೇನ?"

ಅವಳು ನಗಲಿಲ್ಲ. "ಖರೆ ಹೇಳ ಆಯಿ. ನೀ ಎಳಿ ಕೂಸಿಗೆ ಎರಿಯಾಕ ಹೋಗಾಕಿ. ನಿನಗ ನೆಗಡಿ ಆದ್ರ ನಾಕ ದಿನಕ್ಕ ಹೋಗ್ತೈತಿ. ಆ ಕೂಸಿನ ಉಸಿರ ನಳಿಗಿ ನಿನ್ನ ಕಂಡಕಿ ನಳಿಗಿಗಿಂತ ಸಣ್ಣದು. ಸ್ವಲ್ಪ ಬಾತರ ಸಾಕು, ಉಸರ ಸಿಗೂದಿಲ್ಲ."

"ಕೊರೊನಾ ಹೋಗಿ ಎಷ್ಟ ವರ್ಷ ಆತು. ಇನ್ನೂ ಮಾಸ್ಕ್ ಹಾಕ್ಕೊಂಡ ಅಂಜಸಾಕತ್ತೀಯಲ್ಲ!"

"ಕೊರೊನಾ ಇರಲಿ, ಫ್ಲೂ ಇರಲಿ, ಇನ್ನೊಂದ ಇರಲಿ, ಬರೂ ಹಾದಿ ಒಂದ. ಕೆಮ್ಮಿದಾಗ, ಸೀನಿದಾಗ, ಹತ್ತರ ಕುಂತ ಮಾತಾಡಿದಾಗ ಉಸರಿನ ಕೂಡ ವೈರಸ್ ಹೊರಗ ಬರತೈತಿ. ನೀ ಅಂತೂ ಮೂಗಿನ್ಯಾಗ ಊದತಿ. ನೂರ ಸಲ ಹೇಳೀನಿ, ಊದಬ್ಯಾಡ. ಮೆತ್ತಗ ಅರಬೀಲೆ ಒರಸಿದ್ರ ಮುಗೀತು."

ನನಗೆ ಸಿಟ್ಟು ಬಂತು. "ನಿನ್ನ ಮೂಗಿಗೂ ನಾನ ಊದೀನಿ, ತಿಳೀತೇನ? ಏನ ಆತ ನಿನಗ? ಛಂದಾಗಿ ಬೆಳದ ನನಗ ಬುದ್ಧಿ ಹೇಳಾಕತ್ತೀದಿ."

"ಆವತ್ತ ನಿನಗ ಕೆಮ್ಮ ಇರಲಿಲ್ಲ ಆಯಿ. ಅದ ನನ್ನ ಪುಣ್ಯಾ," ಎಂದು ಹೇಳಿ, ಎರಡು ಮಾಸ್ಕ್ ಕಟ್ಟೆಯ ಮೇಲಿಟ್ಟು ಹೋದಳು.

ನಾನು ಮಾಸ್ಕ್ ನೋಡುತ್ತ ಕುಳಿತೆ. ಕೆಮ್ಮು ಎಂದು ಒಂದು ಮಾತು ಹೇಳಿದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಮತ್ತೆ ಕಟ್ಟೆ ಖಾಲಿ. ಮತ್ತೆ ಬಾಗಿಲುಗಳು ಮುಚ್ಚುತ್ತವೆ. ಕೂಸನ್ನು ಇನ್ನು ನನ್ನ ಕೈಗೆ ಕೊಡುವುದಿಲ್ಲ. ಇಷ್ಟು ಸಣ್ಣ ನೆಗಡಿಗೆ ಅಷ್ಟು ದೊಡ್ಡ ಶಿಕ್ಷೆ ಯಾಕೆ ಎಂದುಕೊಂಡೆ. ಮಾಸ್ಕನ್ನು ಅಕ್ಕಿಯ ಡಬ್ಬಿಯ ಹಿಂದೆ ಇಟ್ಟು, ಎದುರು ಮನೆಗೆ ಹೋದೆ.

ನಾಲ್ಕು ದಿನ ಎರೆದೆ. ನಾಲ್ಕು ದಿನವೂ ಊದಿದೆ. ಎರಡನೇ ದಿನ ಬಚ್ಚಲಲ್ಲಿ ಕೆಮ್ಮು ಬಂದಾಗ ಹೆಗಲ ಕಡೆ ಮುಖ ತಿರುಗಿಸಿದೆ. "ಯಾಕ ಆಯಿ?" ಎಂದು ರಾಧಿಕಾ ಕೇಳಿದಳು. "ಲೋಬಾನದ ಹೊಗಿ ಬೇ," ಎಂದೆ. ಬಾಣಂತಿ ಖೋಲಿಯ ಬಾಗಿಲು ಹಾಕಿ, ಲೋಬಾನದ ಹೊಗೆ ಹಿಡಿದು, ಆ ಹೊಗೆಯ ಮೇಲೆಯೇ ಸುಳ್ಳು ಹೇರಿದೆ.

ಐದನೇ ದಿನ ಹನ್ನೊಂದರ ಹೊತ್ತಿಗೆ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಮ್ಮೆಲೆ ನಿಂತವು. ಆ ಮೌನದಲ್ಲಿ ಎದುರು ಮನೆಯಿಂದ ಒಂದು ಸದ್ದು ಕೇಳಿತು. ಕೂಸು ಅಳುತ್ತಿರಲಿಲ್ಲ, ನರಳುತ್ತಿತ್ತು. ಮರುಕ್ಷಣ ಸರಿತಾ ಕೂಗಿದಳು, "ಯಕ್ಕಾ! ಯಾರರೆ ಉಜ್ವಲಾನ್ನ ಕರೀರಿ!"

ನಾನು ಓಡಿದೆ. ಹೊಸ್ತಿಲಲ್ಲಿ ನಿಂತೆ, ಯಾಕೋ ಒಳಗೆ ಕಾಲಿಡಲು ಆಗಲಿಲ್ಲ. ಬೆಳಿಗ್ಗೆಯಿಂದ ಕೂಸು ಮೊಲೆ ಹಿಡಿದಿಲ್ಲ ಎಂದು ರಾಧಿಕಾ ಅಳುತ್ತಿದ್ದಳು. ಉಜ್ವಲಾ ಬಂದವಳೇ ಕೂಸಿನ ಮೈಮೇಲಿನ ಬಟ್ಟೆ ಸರಿಸಿ, ಮೊಬೈಲಿನಲ್ಲಿ ಹೊತ್ತು ನೋಡುತ್ತ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿದಳು.

"ಅರವತ್ತೆಂಟು," ಎಂದಳು. "ಇಷ್ಟ ಸಣ್ಣ ಕೂಸಿಗೆ ಅರವತ್ತ ಆತಂದ್ರನ ತಡಾ ಮಾಡಬಾರದು. ಪಕ್ಕೆಲಬ ನೋಡ್ರಿ, ಉಸರಿಗೊಮ್ಮೆ ಒಳಗ ಜಗ್ಗಾಕತ್ತಾವು. ಹಾಲ ಬ್ಯಾರೆ ಬಿಟ್ಟೈತಿ. ಮನಿ ಔಷಧ ಗಿವಷಧ ಏನೂ ಬ್ಯಾಡ, ಜಮಖಂಡಿ ದವಾಖಾನಿಗೆ ನಡೀರಿ."

108ಕ್ಕೆ ಫೋನು ಮಾಡಿದಳು. ಆಮೇಲೆ ಎಲ್ಲರ ಮುಖ ನೋಡಿ ಕೇಳಿದಳು. "ಡಾಕ್ಟರಿಗೆ ಹೇಳಬೇಕು. ಈ ಕೂಸಿನ ಹತ್ತರ ಬಂದವರೊಳಗ ಯಾರಿಗರೆ ಕೆಮ್ಮು, ಜ್ವರ ಇತ್ತೇನ?"

"ಯಾರಿಗೂ ಇಲ್ಲವ್ವ," ಎಂದಳು ಸರಿತಾ. "ಹೊರಗಿನವರನ್ನ ಯಾರನ್ನೂ ಒಳಗ ಬಿಟ್ಟಿಲ್ಲ. ಯಂಕಕ್ಕ ಒಬ್ಬಾಕಿ ಬರ್ತಾಳ."

ನಾನು ಬಾಗಿಲ ಚೌಕಟ್ಟು ಹಿಡಿದಿದ್ದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೂಸಿನ ತುಟಿ ಬಣ್ಣ ಕಳೆದುಕೊಂಡಿತ್ತು.

"ನನಗೈತಿ," ಎಂದೆ. "ಐದ ದಿನಾತು. ಜ್ವರಾನೂ ಇತ್ತು."

ಸರಿತಾ ನನ್ನನ್ನು ನೋಡಿದಳು. ಆ ನೋಟ ಈಗಲೂ ನನ್ನ ಕಣ್ಣಮುಂದಿದೆ. "ನಿನ್ನ ಕೈಯಾಗ ಕೂಸ ಕೊಟ್ಟಿದ್ದೆ ಯಕ್ಕಾ!" ಎಂದು ಕಿರುಚಿದಳು. "ನಂಬಿ ಕೊಟ್ಟಿದ್ದೆ! ಹೋಗ, ನನ್ನ ಮುಂದ ನಿಂದರಬ್ಯಾಡ!"

ರಾಧಿಕಾ ಕೂಸನ್ನು ಎದೆಗೆ ಒತ್ತಿಕೊಂಡು ನನ್ನ ಕಡೆಗೆ ಬೆನ್ನು ಮಾಡಿದಳು. ಆಂಬುಲೆನ್ಸ್ ಬಂತು, ಎಲ್ಲರನ್ನೂ ಹತ್ತಿಸಿಕೊಂಡು ಹೋಯಿತು. ನಾನು ಮನೆಗೆ ಬಂದು ನನ್ನ ಬಾಗಿಲನ್ನು ನಾನೇ ಹಾಕಿಕೊಂಡೆ. ಈ ಸಲ ಬಿದಿರು ಕಟ್ಟಲು ಯಾರೂ ಬರಬೇಕಾಗಿರಲಿಲ್ಲ.

ಆ ದಿನಗಳನ್ನು ಹೇಗೆ ಹೇಳಲಿ? ಕರೆಂಟು ಬಂತು, ಮಗ್ಗ ನಡೆದವು, ರೊಟ್ಟಿ ಬಡಿಯುವ ಸದ್ದು ಬಂತು. ಎಲ್ಲ ಎಂದಿನಂತೆ. ಬೆಳಿಗ್ಗೆ ಏಳಕ್ಕೆ ಎಚ್ಚರವಾಗಿ ಸೀರೆ ಉಟ್ಟು, ಎಲ್ಲಿಗೂ ಹೋಗುವುದಿಲ್ಲ ಎಂದು ನೆನಪಾಗಿ ಮತ್ತೆ ಕೂರುತ್ತಿದ್ದೆ. ಕೈಗೆ ಕೆಲಸ ಹತ್ತಲಿಲ್ಲ. ಮಾತಾಡಲು ಯಾರೂ ಇಲ್ಲದೆ, ಬಾಗಿಲ ಬದಿಯ ಅವರ ಚಪ್ಪಲಿಗೇ ಹೇಳಿದೆ. "ಕೂಸ ಉಳದ್ರ ಸಾಕ್ರಿ. ನನ್ನ ಕೈಯಾಗ ಮತ್ತ ಕೊಡದಿದ್ರೂ ನಡಿತೈತಿ."

ಉಜ್ವಲಾ ಮರುದಿನ ಬಂದಳು. ನನಗೆ ಮಾಸ್ಕ್ ಹಾಕಿಸಿ ಸರ್ಕಾರಿ ದವಾಖಾನೆಗೆ ಕರೆದೊಯ್ದು ತೋರಿಸಿದಳು. ಬಂದ ಮೇಲೆ ಕಟ್ಟೆಯ ಆ ತುದಿಯಲ್ಲಿ ಅವಳು, ಹೊಸ್ತಿಲ ಒಳಗೆ ನಾನು, ಇಬ್ಬರ ಮುಖಕ್ಕೂ ಮಾಸ್ಕ್.

"ಕೂಸ?" ಎಂದು ಕೇಳಿದೆ.

"ಆಕ್ಸಿಜನ್ ಮ್ಯಾಲ ಐತಿ. ಡಾಕ್ಟರ ನೋಡಾಕತ್ತಾರ."

"ನನ್ನಿಂದನ ಆತಲ್ಲ?"

"ನಿನ್ನಿಂದನ ಅಂತ ಯಾರೂ ಬರದ ಕೊಡಾಕ ಆಗೂದಿಲ್ಲ ಆಯಿ. ಓಣಿ ತುಂಬ ಐತಿ. ಆದ್ರ ಹಾದಿ ಮಾತ್ರ ನೀ ತಗದ ಕೊಟ್ಟಿ, ಅದ ಖರೆ. ನಾ ಅಷ್ಟ ಕೇಳಿದ್ನೆಲ್ಲ, ಯಾಕ ಮುಚ್ಚಿಟ್ಟಿ?"

ಆಗ ಎಲ್ಲ ಹೇಳಿದೆ. ಬಿದಿರು, ಕಿಟಕಿ, ಖಾಲಿ ಕಟ್ಟೆ, ಎಲ್ಲ. "ಕೆಮ್ಮ ಅಂದ್ರ ನನ್ನ ಮತ್ತ ಬಿಟ್ಟಬಿಡತಾರಂತ ಅಂಜಿಕಿ ಆತ ತಂಗಿ," ಎಂದೆ. ಅಳು ತಡೆಯಲಿಲ್ಲ. ಮಾಸ್ಕ್ ಒದ್ದೆಯಾಯಿತು.

ಉಜ್ವಲಾಳ ಕಣ್ಣೂ ತುಂಬಿದವು. "ಆವಾಗ ನಾವು ತಪ್ಪ ಮಾಡೀವಿ ಆಯಿ. ರೋಗಾ ದೂರ ಇಡಬೇಕಿತ್ತು, ನಿನ್ನನ್ನೂ ಬಿಟ್ಟಬಿಟ್ವಿ. ಹಂಗ ಮಾಡಿದ್ರ ಜನ ರೋಗಾ ಹೇಳೂದಿಲ್ಲ, ಮುಚ್ಚಿಡತಾರ. ಈ ಸಲ ಹಂಗ ಆಗಾಕ ಬಿಡೂದಿಲ್ಲ. ಆದ್ರ ನೀನೂ ನನಗ ಒಂದ ಮಾತ ಕೊಡ."

"ಏನು?"

"ಯಾರ ಕೇಳಿದ್ರೂ ಖರೆ ಹೇಳಬೇಕು."

ಕೊಟ್ಟೆ. ಆಮೇಲೆ ಅವಳು ಒಂದೊಂದೇ ತಿಳಿಸಿದಳು. ಕಿಟಕಿ ತೆರೆದಿಡು. ಕೆಮ್ಮು ಬಂದರೆ ಮೊಣಕೈಯ ಮಡಿಕೆಗೆ ಕೆಮ್ಮು, ಅಂಗೈಗೆ ಬೇಡ. ಸಾಬೂನು ಹಚ್ಚಿ ಕೈ ತೊಳೆ, ಬೆರಳ ಸಂದಿಯನ್ನೂ. ಮಾತ್ರೆ ಇಲ್ಲದೆಯೂ ಜ್ವರ ಬಾರದೆ ಪೂರಾ ಒಂದು ದಿನ ಕಳೆಯುವವರೆಗೆ ಹೊರಗೆ ಬರಬೇಡ, ಆಮೇಲೂ ಐದು ದಿನ ಮಾಸ್ಕ್ ಹಾಕಿಕೋ. ಎಳೆ ಕೂಸು, ಬಸುರಿ, ವಯಸ್ಸಾದವರು, ದಮ್ಮು-ಸಕ್ಕರೆ ಕಾಯಿಲೆಯವರ ಹತ್ತಿರ ಕೆಮ್ಮು ಪೂರ್ತಿ ನಿಂತ ಮೇಲೆಯೇ ಹೋಗು. ನಿನಗೇ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಕೂಡಲೇ ಫೋನು ಮಾಡು. ನಾನು ತಲೆಯಾಡಿಸಿದೆ. ಇದೇ ಮಾತನ್ನು ಐದು ದಿನ ಮೊದಲು ಕೇಳಿದ್ದರೆ ನನಗೇನು ಮುಳ್ಳು ಚುಚ್ಚುತ್ತಿತ್ತೇ!

ದಿನಾ ಅವಳು ಸುದ್ದಿ ತರುತ್ತಿದ್ದಳು. ಮೂರನೇ ದಿನ ರಾಧಿಕಾಳಿಗೂ ಕೆಮ್ಮು ಬಂತಂತೆ. ಇನ್ನು ಎದೆಹಾಲು ಕೊಡಬೇಡ ಎಂದು ಸರಿತಾ ಹಠ ಹಿಡಿದಳಂತೆ. ಡಾಕ್ಟರಮ್ಮ ಬೈದು, "ಹಾಲ ಬಿಡಿಸಬ್ಯಾಡ್ರಿ. ತಾಯಿ ಮಾಸ್ಕ್ ಹಾಕ್ಕೊಂಡ, ಕೈ ತೊಳಕೊಂಡ ಕುಡಸಲಿ. ಕೂಸಿಗೆ ಮಾತ್ರ ಮಾಸ್ಕ್ ಹಾಕಬಾರದು, ಉಸರ ಕಟ್ಟತೈತಿ," ಎಂದರಂತೆ. ನಾಲ್ಕನೇ ದಿನ ಆಕ್ಸಿಜನ್ ತೆಗೆದರು. ಅದನ್ನು ಕೇಳಿ ನಾನು ಒಂದು ರೊಟ್ಟಿ ತಿಂದೆ.

ಏಳನೇ ದಿನ ಮಧ್ಯಾಹ್ನ ರಾಟಿಯ ಮುಂದೆ ಕುಳಿತಿದ್ದೆ. ಎದುರಿನಿಂದ ಕಟಕಟ ಸದ್ದು. ಯಾರೋ ತುಕ್ಕು ಹಿಡಿದ ಚಿಲಕವನ್ನು ಬಡಿದು ಬಡಿದು ಎಳೆಯುತ್ತಿದ್ದರು. ಸರಿತಾಳ ಕಿಟಕಿ ತೆರೆಯಿತು. ಎಷ್ಟೋ ವರ್ಷದ ಧೂಳು ಓಣಿಗೆ ಉದುರಿತು.

"ಯಕ್ಕಾ, ಅದೀಯೇನ?"

"ಅದೀನಿ."

"ಬಂದ್ವಿ. ಕೂಸ ಹಾಲ ಕುಡದ ಮಲಗೈತಿ."

ನಾನು ರಾಟಿ ಬಿಟ್ಟು ಎದ್ದು ಹೊಸ್ತಿಲಿಗೆ ಬಂದೆ. ಅವಳೇ ಮುಂದುವರಿಸಿದಳು. "ನನ್ನ ಸಿಟ್ಟ ಇನ್ನೂ ಇಳದಿಲ್ಲ. ಸುಳ್ಳ ಯಾಕ ಹೇಳಲಿ? ನಿನ್ನ ಮಾರಿ ನೋಡಿದ್ರ ಹೊಟ್ಟ್ಯಾಗ ಬೆಂಕಿ ಬೀಳತೈತಿ. ಆದ್ರ ಆಕಿ ಉಜ್ವಲಾ ಕೇಳಿದಳು, ಯಂಕವ್ವ ಯಾಕ ಮುಚ್ಚಿಟ್ಟಳು ಗೊತ್ತೈತೇನಂತ. ಎಲ್ಲಾ ಆಕಿನ ಹೇಳಿದಳು. ಅದಕ್ಕ ಈ ಕಿಟಕಿ ತಗಿಯಾಕ ಬಂದೆ. ತಗೀಲೇ ವಲ್ಲದು. ಆವಾಗ ತಿಳೀತ ನೋಡ, ನಾ ಎಷ್ಟ ವರ್ಷದಿಂದ ಮುಚ್ಚೀನಂತ."

"ಬಿಡ ಬೇ," ಎಂದೆ.

"ಬಿಡೂದಿಲ್ಲ. ನಿನ್ನ ಬಾಗಿಲಿಗೆ ಬಿದರ ಕಟ್ಟಿದವರ ಕೂಡ ನಾನೂ ಇದ್ದೆ. ಅಣ್ಣಾರ ಹೋದಾಗ ನಿನ್ನ ಕೂಡ ಕುಂತ ಅಳಲಿಲ್ಲ."

ಓಣಿಯ ಆ ಬದಿ ಅವಳು, ಈ ಬದಿ ನಾನು, ನಡುವೆ ಎಂಟು ಹೆಜ್ಜೆ. ಗಂಗಾರಾಮ ಹೋಗಿ ಇಷ್ಟು ವರ್ಷದ ಮೇಲೆ ಇಬ್ಬರೂ ಅವರಿಗಾಗಿ ಅತ್ತೆವು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು, ನೋಡಲಿ.

ಅಂದಿನಿಂದ ಸರಿತಾ ಮಧ್ಯಾಹ್ನ ರೊಟ್ಟಿ-ಪಲ್ಯ ತಂದು ನನ್ನ ಕಟ್ಟೆಯ ಮೇಲಿಟ್ಟು, ಹಿಂದೆ ಸರಿದು ನಿಲ್ಲುತ್ತಿದ್ದಳು. ಮೊದಲೆರಡು ದಿನ ಮಾತಾಡದೆ ಹೋದಳು. ಆಮೇಲೆ ಬಿಸಿಲಿಗೆ ಕಿಟಕಿಯ ಬಳಿ ಕುಳಿತು ಬಾಯಿ ಬಿಟ್ಟಳು. ನನ್ನ ಕೆಮ್ಮು ಪೂರ್ತಿ ನಿಂತು, ಇನ್ನೂ ಒಂದು ವಾರ ಕಳೆದ ಮೇಲೆ, ರಾಧಿಕಾ ತಾನಾಗಿ ಕರೆದಳು. "ಆಯಿ, ಬಾ. ಆದ್ರ ಊದೂದಿಲ್ಲ, ಹೊಗಿ ಇಲ್ಲ."

ಊದಲಿಲ್ಲ. ಹೊಗೆಯೂ ಇಲ್ಲ. ಸಾಬೂನಿನಿಂದ ಕೈ ತೊಳೆದು, ಮಾಸ್ಕ್ ಹಾಕಿ ಎರೆದೆ, ಮೂಗನ್ನು ಮೆತ್ತಗೆ ಬಟ್ಟೆಯಿಂದ ಒರೆಸಿದೆ. ಏನೂ ಆಗಲಿಲ್ಲ, ನೀರು ಎಲ್ಲಿಯೂ ನಿಲ್ಲಲಿಲ್ಲ. ಮೂವತ್ತು ವರ್ಷ ಸುಮ್ಮನೆ ಊದಿದೆನಲ್ಲ ಎಂದು ನನಗೇ ನಗು ಬಂತು. ತಪ್ಪಿಹೋಗಿದ್ದ ಆರನೇ ವಾರದ ಲಸಿಕೆಯನ್ನು ಉಜ್ವಲಾ ನೆನಪಿಟ್ಟು ಹಾಕಿಸಿದಳು. ನಾನೂ ಡಾಕ್ಟರನ್ನು ಕೇಳಿ ಫ್ಲೂ ಲಸಿಕೆ ಹಾಕಿಸಿಕೊಂಡೆ.

ಒಂದು ಹೊಸ ಪದ್ಧತಿ ಮಾತ್ರ ಬಂತು. ದಿನಾ ಬೆಳಿಗ್ಗೆ ಎಂಟಕ್ಕೆ ಸರಿತಾ ಆ ಕಿಟಕಿಯಿಂದ ಕೂಗುತ್ತಿದ್ದಳು. "ಯಕ್ಕಾ, ಆರಾಮ ಅದೀಯೇನ? ಕೆಮ್ಮು? ಜ್ವರ? ಗಂಟಲ?" ನಾನು "ಆರಾಮ ಅದೀನಿ" ಎಂದರೆ ಮಾತ್ರ ನೀರು ಕಾಯಿಸುವುದು. ಕೂಸಿನ ಸಲುವಾಗಿ ಕೇಳುವ ಮಾತು ಎಂದು ನನಗೆ ಗೊತ್ತು. ಆದರೂ ಗಂಗಾರಾಮ ಹೋದ ಮೇಲೆ ನನ್ನನ್ನು ಆರಾಮ ಇದ್ದೀಯಾ ಎಂದು ಯಾರೂ ಕೇಳಿರಲಿಲ್ಲ. ಎಂಟು ಹೊಡೆಯುವುದನ್ನೇ ಕಾಯುತ್ತಿದ್ದೆ.

ಕೂಸಿಗೆ ಐದು ತಿಂಗಳು ತುಂಬಿತು. ಅದರಪ್ಪ ಯುವರಾಜ ಕಾರು ತೆಗೆದುಕೊಂಡು ಕರೆದೊಯ್ಯಲು ಬಂದ. ಹೊರಡುವ ದಿನ ಕೊನೆಯದಾಗಿ ನಾನೇ ಎರೆಯಬೇಕೆಂದು ಎಲ್ಲರೂ ಮಾತಾಡಿಕೊಂಡಿದ್ದೆವು. ಕೂಸಿನ ತಲೆ-ಬೆನ್ನು ಮುಚ್ಚುವ ಹೊಸ ಕುಂಚಿಗೆಯನ್ನು ನಾನು ಹೊಲಿದು ಮೊದಲೇ ಕೊಟ್ಟಿದ್ದೆ.

ಆ ಬೆಳಿಗ್ಗೆ ಎದ್ದರೆ ಗಂಟಲು ಕೆರೆಯಿತು.

ಬಿಸಿನೀರು ಕುಡಿದೆ. ಉಪ್ಪು ನೀರು ಮುಕ್ಕಳಿಸಿದೆ. ಇನ್ನೂ ಕೆರೆಯುತ್ತಿತ್ತು. ಸ್ವಲ್ಪವೇ. ಜ್ವರ ಇರಲಿಲ್ಲ. ಯಾರಿಗೂ ತಿಳಿಯುತ್ತಿರಲಿಲ್ಲ. ಇನ್ನೆಂದಿಗೆ ಆ ಕೂಸು ನನ್ನ ಕಾಲ ಮೇಲೆ ಮಲಗೀತು? ಮುಂದಿನ ಸಲ ಬರುವಾಗ ನಡೆಯುತ್ತಿರುತ್ತದೆ. ನನ್ನನ್ನು ಗುರುತಿಸುವುದೂ ಇಲ್ಲ.

ಎಂಟಕ್ಕೆ ಕಿಟಕಿ ತೆರೆಯಿತು. "ಯಕ್ಕಾ, ಆರಾಮ ಅದೀಯೇನ?"

ನಾನು ಚೌಕಟ್ಟು ಹಿಡಿದು ನಿಂತೆ. "ಇಲ್ಲ ಬೇ," ಎಂದೆ. "ಗಂಟಲ ಕೆರಿಯಾಕತ್ತೈತಿ. ಇವತ್ತ ನಾ ಬರೂದಿಲ್ಲ."

ಸರಿತಾ "ಯಕ್ಕಾ," ಎಂದಳು, ಅಷ್ಟೇ. ನಾನು ಮಾಸ್ಕ್ ಹಾಕಿಕೊಂಡು ನನ್ನ ಕಟ್ಟೆಯ ಮೇಲೆ ಕುಳಿತೆ. ಅವರ ಬಚ್ಚಲಲ್ಲಿ ನೀರು ಸುರಿಯುವ ಸದ್ದು ಬರುತ್ತಿತ್ತು. ರಾಧಿಕಾ ತಾನೇ ಎರೆಯುತ್ತಿದ್ದಳು. "ನೆತ್ತಿ ಮ್ಯಾಲ ಮೆತ್ತಗ!" ಎಂದು ಇಲ್ಲಿಂದಲೇ ಕೂಗಿದೆ. "ಕುತ್ತಗಿ ಸಂದ್ಯಾಗ ಒರಸ!" ಅವಳು ಅಲ್ಲಿಂದ "ಹೂಂ ಆಯಿ," ಎನ್ನುತ್ತಿದ್ದಳು.

ಹತ್ತಕ್ಕೆ ಕಾರು ಹತ್ತುವ ಮೊದಲು ರಾಧಿಕಾ ಓಣಿಯ ನಡುವೆ ನಿಂತು ಕೂಸನ್ನು ಎತ್ತಿ ಹಿಡಿದಳು. ನಾನು ಹೊಲಿದ ಕುಂಚಿಗೆ ಹಾಕಿದ್ದಳು. ಕೂಸು ನನ್ನ ಮಾಸ್ಕ್ ನೋಡಿ, ಆಮೇಲೆ ಕಣ್ಣು ನೋಡಿ ಬೊಚ್ಚು ಬಾಯಿ ಬಿಟ್ಟು ನಕ್ಕಿತು. ನಾನು ಎದ್ದು ಹೋಗಲಿಲ್ಲ. ಎರಡೂ ಕೈಯನ್ನು ಸೆರಗಿನೊಳಗೆ ಗಟ್ಟಿಯಾಗಿ ಹಿಡಿದುಕೊಂಡು ಕುಳಿತೆ. ಕಾರು ಓಣಿಯ ತಿರುವು ದಾಟಿತು. ಆಮೇಲೆ ಮಗ್ಗದ ಸಪ್ಪಳ ಮಾತ್ರ ಉಳಿಯಿತು.

ಆ ದಿನ ನನಗೆ ಬಹಳ ಉದ್ದವಾಯಿತು.

ಮರುದಿನ ಬೆಳಿಗ್ಗೆ ಸೀರೆ ಉಡುವ ಆತುರ ಇರಲಿಲ್ಲ. ಕೂಸು ಮುಧೋಳದಲ್ಲಿತ್ತು. ಎರೆಯುವ ಕೆಲಸ ಇರಲಿಲ್ಲ. ಯಾರಿಗೂ ನನ್ನ ಕೆಮ್ಮಿನ ಗೊಡವೆ ಇರಬೇಕಾಗಿರಲಿಲ್ಲ. ಹಾಸಿಗೆಯಲ್ಲೇ ಬಿದ್ದುಕೊಂಡಿದ್ದೆ. ಎಂಟು ಹೊಡೆಯಿತು. ಚಿಲಕದ ಸದ್ದಾಯಿತು.

"ಯಕ್ಕಾ! ಆರಾಮ ಅದೀಯೇನ?"

ಅಕ್ಕಂದಿರೇ, ನನ್ನ ಕಥೆ ಇಷ್ಟೇ. ನಿಮ್ಮಲ್ಲಿ ಯಾರಿಗಾದರೂ ಈಗ ಕೆಮ್ಮು ಇದ್ದರೆ, ಮುಚ್ಚಿಡಬೇಡಿ. ಹೇಳಿ, ಮಾಸ್ಕ್ ಹಾಕಿ, ಮನೆಯಲ್ಲಿರಿ, ಆಶಾ ಕಾರ್ಯಕರ್ತೆಗೆ ಫೋನು ಮಾಡಿ. ಎಳೆ ಕೂಸಿನ ಮುಖಕ್ಕೆ ಮುತ್ತಿಡಬೇಡಿ, ಮೂಗಿಗೆ ಊದಬೇಡಿ. ಕೂಸು ಹಾಲು ಬಿಟ್ಟು ಜೋರಾಗಿ ಉಸಿರಾಡಿದರೆ ಒಂದು ಗಳಿಗೆಯೂ ಕಾಯದೆ ದವಾಖಾನೆಗೆ ಒಯ್ಯಿರಿ.

ಆರಾಮ ಇರುವವರಿಗೂ ಒಂದು ಮಾತು ಉಳಿದಿದೆ. ನಿಮ್ಮ ಓಣಿಯಲ್ಲೂ ಒಬ್ಬಳೇ ಇರುವವಳು ಒಬ್ಬಳಿದ್ದಾಳೆ. ಅವಳಿಗೆ ಜ್ವರ ಬಂದರೆ ಎಂಟು ಹೆಜ್ಜೆ ದೂರ ನಿಲ್ಲಿ, ಆದರೆ ನಿಂತು ಮಾತಾಡಿ, ರೊಟ್ಟಿ ಇಟ್ಟು ಬನ್ನಿ. ನಾಳೆ ಬೆಳಿಗ್ಗೆ ಕಿಟಕಿ ತೆರೆದು ಅವಳನ್ನು ಆರಾಮ ಇದ್ದೀಯಾ ಎಂದು ಕೇಳಿ. ದಿನಾ ಕೇಳಿ. ಕೆಮ್ಮು ಬಂದ ದಿನ ಅವಳು ನಿಮಗೆ ಖರೆ ಹೇಳುತ್ತಾಳೆ.